ಅತ್ತೆಯವರ ಮೌನವ್ರತ

ಅತ್ತೆಯವರಿಗೆ ಇರುವುದು ಮರೆವಿನ ಕಾಯಿಲೆ ಎಂದು ಗೊತ್ತಾದ ದಿನ ನಾನು ಡಾಕ್ಟರಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಅತ್ತೆಯವರ ಬಗ್ಗೆ ಆಗಿರಲಿಲ್ಲ.

"ಇದು ನನ್ನ ಮಗಳಿಗೂ ಬರುತ್ತಾ ಡಾಕ್ಟ್ರೇ?" ಎಂದೆ. ಅತ್ತೆ ಪಕ್ಕದ ಕುರ್ಚಿಯಲ್ಲೇ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

ಡಾಕ್ಟರಮ್ಮ ಮೇಜಿನ ಮೇಲಿದ್ದ ಪುಸ್ತಕವೊಂದನ್ನು ತೆರೆದು ನನ್ನ ಕಡೆ ತಿರುಗಿಸಿದರು. "ಜೀನ್ ಅಂದ್ರೆ ಈ ಅಕ್ಷರಗಳು ಅಂದ್ಕೊಳ್ಳಿ. ಯಾವ ಸಾಲು ಓದ್ಬೇಕು, ಯಾವ್ದು ಬಿಡ್ಬೇಕು ಅಂತ ಅದರ ಮೇಲೆ ಸಣ್ಣ ಸಣ್ಣ ಗುರುತುಗಳಿರುತ್ವೆ. ಈ ಕಾಯಿಲೆಯಲ್ಲಿ ಅಕ್ಷರ ಹಾಗೇ ಇದ್ರೂ ಮಿದುಳಲ್ಲಿ ಆ ಗುರುತುಗಳು ಅದಲುಬದಲಾಗುತ್ವೆ. ಬೇಕಾದ ಸಾಲೇ ಬಿಟ್ಟುಹೋಗುತ್ತೆ." ಇದಕ್ಕೆ ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರಂತೆ. "ಅಜ್ಜಿಗೆ ಈ ವಯಸ್ಸಲ್ಲಿ ಬಂತು ಅಂತ ಮೊಮ್ಮಗಳಿಗೆ ಬಂದೇ ಬರುತ್ತೆ ಅಂತಿಲ್ಲ. ನಿದ್ದೆ, ಓಡಾಟ, ಜನರ ಜೊತೆ ಮಾತುಕತೆ, ಇವುಗಳಿಂದ ಎಷ್ಟು ಅನುಕೂಲ ಅಂತ ಇನ್ನೂ ಹುಡುಕ್ತಾನೇ ಇದಾರೆ. ನೀವಂತೂ ಇವರನ್ನ ಮಾತಾಡಿಸ್ತಾ ಇರಿ."

ಮಾತಾಡಿಸುತ್ತಾ ಇರಬೇಕು ಎಂದು ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಬರೆದುಕೊಂಡೆ.

ಶ್ರಾವಣದ ಒಂದು ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಮಗಳ ಮದುವೆ ಮಾತಿಗೆ ಗಂಡಿನ ಕಡೆಯವರು ಬರುವುದೆಂದಾಯಿತು. ದಾವಣಗೆರೆಯವರು, ಈಗ ಇಲ್ಲೇ ಹತ್ತಿರದ ಉಲ್ಲಾಳದಲ್ಲಿ ಮನೆ. ಹುಡುಗ ಹುಡುಗಿ ಆಗಲೇ ಹೊರಗೆ ಭೇಟಿಯಾಗಿ ಒಪ್ಪಿದ್ದರು. ಅತ್ತೆ ಬಂದವರನ್ನು ಐದು ನಿಮಿಷಕ್ಕೊಮ್ಮೆ "ನಿಮ್ಮದು ಯಾವ ಊರು?" ಎಂದು ಕೇಳುತ್ತಾರೆ. ಬೀಗರ ಮುಂದೆ ಪುಸ್ತಕ ತೆರೆದಿಟ್ಟು ಜೀನಿನ ಪಾಠ ಹೇಳಲಾಗುತ್ತದೆಯೇ? 'ರಕ್ತದಲ್ಲೇ ಇದೆಯಂತೆ' ಎಂದು ಯಾರಾದರೂ ಅಂದರೆ ಮುಗಿಯಿತು. ಅತ್ತೆಯವರನ್ನು ಒಳಗೆ ಕೂರಿಸುವ ಹಾಗೂ ಇರಲಿಲ್ಲ. ಇಂಥ ದಿನ ಬಂದವರ ಹಣೆಗೆ ಹಿರಿಯರು ವಿಭೂತಿ ಹಚ್ಚುವುದು ನಮ್ಮ ಮನೆಯ ಪದ್ಧತಿ.

ಬೆಳಿಗ್ಗೆ ಅವರಿಗೆ ತಲೆ ಬಾಚುತ್ತಾ ಹೇಳಿದೆ. "ಅತ್ತೆ, ಇವತ್ತು ನಿಮ್ಮದು ಮೌನವ್ರತ. ನಾನು ಹೇಳೋವರೆಗೂ ಮಾತಾಡ್ಬಾರ್ದು."

"ಯಾಕೇ ಹುಡುಗಿ?"

"ಮೊಮ್ಮಗಳಿಗೆ ಒಳ್ಳೇದಾಗ್ಲಿ ಅಂತ."

ಶಾಲೆಯಲ್ಲಿ ಸಿಸ್ಟರ್ ಮಾಡುತ್ತಿದ್ದಂತೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರೂ ಹಾಗೇ ಇಟ್ಟುಕೊಂಡರು.

ಗಂಡಿನ ತಾಯಿಗೆ ವ್ರತದ ವಿಷಯ ತಿಳಿಸಿದಾಗ ಅವರು ನಕ್ಕರು. "ಈ ವಯಸ್ಸಿನಾಗೂ ಎಷ್ಟು ನೇಮ ನೋಡ್ರೀ! ನಾ ಒಂದು ತಾಸು ಬಾಯಿ ಮುಚ್ಚಿದ್ರ ನಮ್ಮನ್ಯಾಗ ಜ್ವರ ಬಂತೇನು ಅಂತ ಹಣಿ ಮುಟ್ಟಿ ನೋಡ್ತಾರ!" ಆಮೇಲೆ ಬಗ್ಗಿ ಅತ್ತೆಯವರ ಕಾಲು ಮುಟ್ಟಿದರು. ಅತ್ತೆ ಮೂರು ಬೆರಳಿನಲ್ಲಿ ವಿಭೂತಿ ತೆಗೆದು, ಒಂದಿಷ್ಟೂ ನಡುಗದೆ, ಅವರ ಹಣೆಗೆ ಎಳೆದರು. ಒಮ್ಮೆ ಮಾತ್ರ ಅತ್ತೆಯವರ ತುಟಿ ಅಲುಗಿತು. ನಾನು ಕೇಸರಿಬಾತಿನ ತಟ್ಟೆಯ ಹಿಂದಿನಿಂದಲೇ ಬೆರಳೆತ್ತಿದೆ. ಬಾಯಿ ಮುಚ್ಚಿಕೊಂಡರು.

ಅವರೆಲ್ಲ ಹೋದ ಮೇಲೆ "ವ್ರತ ಮುಗೀತು ಅತ್ತೆ, ಮಾತಾಡಿ" ಎಂದೆ. ಅವರು ಮಾತಾಡಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ತಿಂಡಿ ತಿಂದದ್ದು ಹತ್ತು ನಿಮಿಷಕ್ಕೆ ಮರೆಯುವವರ ತಲೆಯಲ್ಲಿ ನಾನು ಹೇಳಿದ ಆ ಒಂದು ಮಾತು ಮಾತ್ರ ಹೇಗೆ ಉಳಿಯಿತೋ.

"ಅಜ್ಜಿ ಯಾಕಮ್ಮ ಬಾಯೇ ಬಿಡ್ತಿಲ್ಲ?" ಮಗಳು ಪಟ್ಟು ಹಿಡಿದು ಕೇಳಿದಾಗ ಹೇಳಲೇಬೇಕಾಯಿತು. ಅವಳು ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟಳು.

"ನನಗೋಸ್ಕರ ಮಾಡಿದೆ ಅಂತ ಮಾತ್ರ ಹೇಳ್ಬೇಡ. ಅಜ್ಜಿ ವಿಷಯ ಅವನಿಗೆ ಮೊದಲನೇ ಸಲ ಸಿಕ್ಕಾಗ್ಲೇ ಹೇಳಿದೀನಿ. ಅವರಮ್ಮಂಗೂ ಗೊತ್ತು."

"ಗೊತ್ತಿದ್ದೂ..."

"ಗೊತ್ತಿದ್ದೂ ಕಾಲು ಮುಟ್ಟಿದ್ರು. ನೀನು ಸುಳ್ಳು ಹೇಳ್ತಿದೀಯ ಅಂತ ಗೊತ್ತಾಗಿ, ನಿನಗೆ ನಾಚಿಕೆ ಆಗ್ಬಾರ್ದು ಅಂತ ನಕ್ಕು ತೇಲಿಸಿದ್ರು ಕಣಮ್ಮ."

ಹುಡುಗನ ತಾಯಿಗೆ ಫೋನು ಮಾಡಿ ಕ್ಷಮೆ ಕೇಳಬೇಕೆಂದು ಎರಡು ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಇವತ್ತಿಗೂ ಕೇಳಿಲ್ಲ. ಮದುವೆ ಗೊತ್ತಾಗಿದೆ.

ಆ ವಾರದ ಬುಧವಾರ ನಾನು ನುಗ್ಗೆಸೊಪ್ಪು ಬಿಡಿಸುತ್ತಿದ್ದಾಗ ಅತ್ತೆ ಬಂದು ಎದುರಿಗೆ ನಿಂತರು. ಬಹಳ ಮೆಲ್ಲಗೆ ಕೇಳಿದರು. "ಅಮ್ಮಾವ್ರೇ, ನಾನೀಗ ಮಾತಾಡ್ಲಾ?"

ಮೂವತ್ತು ವರ್ಷ ನನ್ನನ್ನು 'ಏ ಹುಡುಗಿ' ಎಂದು ಕರೆದವರು. ಸೊಪ್ಪಿನ ಕಡ್ಡಿ ಹಿಡಿದುಕೊಂಡೇ "ಮಾತಾಡಿ ಅತ್ತೆ" ಎಂದೆ. ಅವರು ಕೇಳಿದ್ದು ಒಂದು ಲೋಟ ನೀರು.

ಈಗಲೂ ಹಾಗೇ. ಬಾಯಾರಿಕೆಯಾದರೂ, ಕಾಲು ನೋವೆಂದು ಹೇಳಬೇಕಾದರೂ ಮೊದಲು ನನ್ನ ಅಪ್ಪಣೆ ಕೇಳುತ್ತಾರೆ. ನಾನು ಒಲೆಯ ಕಡೆ ತಿರುಗಿದ್ದರೆ ಅಡುಗೆಮನೆಯ ಬಾಗಿಲಲ್ಲಿ ಸದ್ದಿಲ್ಲದೆ ನಿಂತು, ನಾನು ತಿರುಗಿ ನೋಡುವವರೆಗೂ ಕಾಯುತ್ತಾರೆ.