ಧಂ ಅನ್ನುವಷ್ಟೇ ಸಿನಿಮಾ

ನಮ್ಮ ಮನೆಗೆ ಸಬ್‌ವೂಫರ್ ಬಂದ ದಿನ ಇವರು ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದರು. ಇವರು ಅಂದರೆ ನನ್ನ ಗಂಡ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹರೆಯದಿಂದಲೂ ಮಿಸ್ತ್ರಿ. ಮಿಲ್ಲಿಗೆ ಹೊಸ ಮೋಟಾರು ಬಂದರೂ, ಹಳೆಯ ಬೆಲ್ಟು ಬದಲಾದರೂ ಕಾಯಿ ಒಡೆಯದೆ ಸ್ವಿಚ್ಚು ಮುಟ್ಟುವವರಲ್ಲ. ಹಾಗಾಗಿ ಟಿವಿಯ ಕೆಳಗೆ ಬಂದು ಕೂತ ಆ ಕರಿ ಸ್ಪೀಕರ್ ಪೆಟ್ಟಿಗೆಗೂ ಮರ್ಯಾದೆಯಾಯಿತು. ಕಾಯಿನೀರು ಸಿಡಿದು ಅದರ ಮುಂಭಾಗದ ಬಟ್ಟೆಯ ಮೇಲೆ ಕಲೆಯಾಯಿತು. ಅದನ್ನು ಒರೆಸಿದವಳು ನಾನು.

ಪೂಜೆ ಮುಗಿದ ಮೇಲೆ ಮೊದಲು ಏನು ಹಚ್ಚುವುದು ಎಂಬ ಮಾತು ಬಂತು. ನಾನು ಸಿನಿಮಾ ಎಂದೆ. ನನ್ನ ಆಸೆ ದೊಡ್ಡದೇನಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಬಾಗಿಲು ಮುಂದೆ ಮಾಡಿ, ಗಂಡಹೆಂಡಿರು ಕೂತು ಒಂದು ಸಿನಿಮಾವನ್ನು ಹೆಸರು ಬೀಳುವಲ್ಲಿಂದ ಶುಭಂ ಬರುವವರೆಗೆ ನೋಡಬೇಕು. ಮದುವೆಯಾದ ಹೊಸತರಲ್ಲಿ ನಾವು ನವಲಿ ಎಂಬ ಹಳ್ಳಿಯಲ್ಲಿದ್ದೆವು. ಪೇಟೆಗೆ ಬಂದು ಥೇಟರಿನಲ್ಲಿ ಕೂತರೆ ಕೊನೆಯ ಬಸ್ಸಿನದೇ ಚಿಂತೆ. ಖಳನಾಯಕ ಸಾಯುವ ಮೊದಲೇ ಎದ್ದು ಓಡಬೇಕಾಗುತ್ತಿತ್ತು. ಆಮೇಲೆ ಗಂಗಾವತಿಯಲ್ಲೇ ಮನೆಯಾಯಿತು, ನನಗೆ ಪ್ರಾಥಮಿಕ ಶಾಲೆಯ ನೌಕರಿ, ಇವರಿಗೆ ಸುಗ್ಗಿ ಬಂದರೆ ಹಗಲೂ ರಾತ್ರಿ ಮಿಲ್ಲು, ನಡುವೆ ಮಗಳ ಓದು, ಮದುವೆ. ಈಗ ಮನೆಯಲ್ಲಿ ಇಬ್ಬರೇ. ಈ ಪೆಟ್ಟಿಗೆಯ ಮಾತೆತ್ತಿದಾಗ ಇವರು, ಥೇಟರೇ ಮನೆಗೆ ಬರುತ್ತದೆ, ಆರಾಮಾಗಿ ಕೂತು ನೋಡೋಣ ಎಂದಿದ್ದರು. ಆ ಒಂದು ಮಾತಿಗೆ ನಾನು ಒಪ್ಪಿದ್ದೆ.

ಮೊದಲ ಭಾನುವಾರ ಸಿನಿಮಾ ಶುರುವಾಯಿತು. ಹೆಸರುಗಳು ಬೀಳುತ್ತಿರುವಾಗಲೇ ಇವರು ಅಡುಗೆಮನೆಗೆ ಹೋಗಿ ಒಂದು ಹಿಡಿ ಸೋನಾಮಸೂರಿ ಅಕ್ಕಿ ತಂದು ಪೆಟ್ಟಿಗೆಯ ನೆತ್ತಿಯ ಮೇಲೆ ಹರಡಿದರು. ಯಾಕೆ ಎಂದು ಕೇಳಿದೆ. ಹೂಂ ಎಂದರು. ಸ್ವಲ್ಪ ಹೊತ್ತಿನಲ್ಲಿ ನನಗೇ ತಿಳಿಯಿತು, ಕಾಳು ಕುಣಿದರೆ ಆ ಸೀನು ಪಾಸು, ಕುಣಿಯದಿದ್ದರೆ ನಪಾಸು. ಮಿಲ್ಲಿನ ಜರಡಿಯ ಮುಂದೆ ಜೀವಮಾನ ಕಳೆದವರಿಗೆ ಬೇರೆ ಪರೀಕ್ಷೆ ಹೊಳೆಯುವುದಾದರೂ ಹೇಗೆ? ತೆರೆಯ ಮೇಲೆ ನಾಯಕಿಯ ತಾಯಿ ಏನೋ ಹೇಳಿ ಅಳುತ್ತಿದ್ದಳು. ಕಾಳು ಅಲುಗಲಿಲ್ಲ. ಇವರು ರಿಮೋಟು ಒತ್ತಿ ಅವಳನ್ನು ದಾಟಿಸಿ, ಮದುವೆ ದಾಟಿಸಿ, ಲಾರಿ ಪಲ್ಟಿಯಾಗುವಲ್ಲಿಗೆ ತಂದು ಬಿಟ್ಟರು. ಧಂ ಎಂದಿತು. ಕಾಳು ಕುಣಿದವು. ಇವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ತಲೆಯಾಡಿಸಿದರು. ಮತ್ತೆ ಹಿಂದಕ್ಕೆ ಓಡಿಸಿ ಅದೇ ಲಾರಿಯನ್ನು ಮತ್ತೊಮ್ಮೆ ಕೆಡವಿದರು.

ಅಲ್ಲಿಂದ ಶುರುವಾಯಿತು ನೋಡಿ. ಮಿಲ್ಲಿನಲ್ಲಿ ಯಾರೋ ಒಂದು ಸಿನಿಮಾದಲ್ಲಿ ಆನೆಗಳ ಹಿಂಡು ಬರುತ್ತದೆ ಎಂದರೆ ಅವತ್ತು ಸಂಜೆ ಆನೆಗಳು. ಇನ್ನೊಬ್ಬರು ಸೇತುವೆ ಮುರಿಯುತ್ತದೆ ಎಂದರೆ ಮರುದಿನ ಸೇತುವೆ. ಎಷ್ಟೋ ಮನೆಗಳು ಸುಟ್ಟುಹೋದುವು, ಅವುಗಳಲ್ಲಿ ಯಾರಿದ್ದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಜನ ನಾಯಕರು ಬೆಟ್ಟದ ಮೇಲಿಂದ ಹಾರಿದರು, ಯಾರ ಮೇಲಿನ ಸಿಟ್ಟಿಗೆ ಎಂದು ತಿಳಿಯಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು ಹೊಸ ಸಿನಿಮಾಗಳ ಕಥೆ ಮಾತಾಡುವಾಗ ನಾನು ನೋಡಿದ್ದೇನೆ ಅನ್ನುತ್ತಿದ್ದೆ, ಕಥೆ ಏನು ಅಂದರೆ ಬ್ಬೆಬ್ಬೆಬ್ಬೆ.

ಹಾಡುಗಳದೂ ಅದೇ ಗತಿ. ಹಲಗೆ, ಡೊಳ್ಳು, ತಬಲಾ ಇದ್ದರೆ ಸರಿ. ಹಾಡುಗಾರ್ತಿ ಬಾಯಿ ತೆರೆದಳೋ, ಮುಂದಕ್ಕೆ. ಭಜನೆ ಪದ ಹಚ್ಚಿದರೂ ದಪ್ಪು ಬಡಿಯುವಷ್ಟನ್ನು ಇಟ್ಟುಕೊಂಡು ಪದವನ್ನು ಬಿಟ್ಟುಬಿಡುತ್ತಿದ್ದರು. ಹಣ್ಣು ಎಸೆದು ಸಿಪ್ಪೆ ತಿಂದಂತೆ. ಕುಷ್ಟಗಿಯಿಂದ ನನ್ನ ತಮ್ಮ ಬಂದ. ಅವನಾದರೂ ಬುದ್ಧಿ ಹೇಳಿಯಾನು ಎಂದುಕೊಂಡರೆ ಅವನು ಪೆನ್‌ಡ್ರೈವಿನ ತುಂಬ ಟ್ರ್ಯಾಕ್ಟರಿನಲ್ಲಿ ಹಚ್ಚುವ ಹಾಡುಗಳನ್ನು ತಂದಿದ್ದ. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಭಾವ ಮೈದುನ ಇಬ್ಬರೂ ಅನ್ನ ಅನ್ನದೆ ನೀರು ಅನ್ನದೆ ಆ ಪೆಟ್ಟಿಗೆಯ ಮುಂದೆ ಕೂತರು. ಅಡುಗೆಮನೆಯ ಹಲಗೆಯ ಮೇಲಿನ ತವರಿನ ತಂಬಿಗೆಗಳು ಗಲಗಲ ಎನ್ನತೊಡಗಿದಾಗ ನಾನು ಇಬ್ಬರನ್ನೂ ಬೈದೆ. ತಮ್ಮ ತಲೆ ತಗ್ಗಿಸಿದ. ಇವರು ನನ್ನ ಕಡೆ ತಿರುಗಿ ನಕ್ಕು, ಹೂಂ ಎಂದರು.

ಆ ಹೂಂ ಎಂಬುದಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಗ್ಯಾಸ್ ಮುಗಿದಿದೆ ಎಂದರೆ ಹೂಂ. ಮಗಳು ಫೋನು ಮಾಡಿದ್ದಳು ಎಂದರೆ ಹೂಂ. ಸಂಜೆ ಬರುವಾಗ ಬದನೆಕಾಯಿ ತನ್ನಿ ಎಂದರೆ ಹೂಂ, ಬರುವುದು ಬರಿಗೈಯಲ್ಲಿ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಶಾಲೆಯಲ್ಲಿ ಹಿಂದಿನ ಸಾಲಿನ ಕಿಲಾಡಿ ಹುಡುಗರೂ ನನ್ನ ಮಾತಿಗೆ ಕಿವಿ ಕೊಡುತ್ತಾರೆ, ತಾಳಿ ಕಟ್ಟಿದವರಿಗೆ ಬೇಡವಾಯಿತೇ ಎಂದು ಒಮ್ಮೊಮ್ಮೆ ಅಳು ಬರುತ್ತಿತ್ತು. ಇಷ್ಟು ವರ್ಷಕ್ಕೆ ಇಬ್ಬರೇ ಆಗಿದ್ದೇವೆ, ಈಗಲೂ ನನ್ನ ಜೊತೆ ಕೂರಲು ಇವರಿಗೆ ಮನಸ್ಸಿಲ್ಲ ಎಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ನನ್ನ ಸಹನೆ ಮುಗಿಯಿತು. ಊಟವಾದ ಕೂಡಲೇ ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇವತ್ತು ನಾನು ಆರಿಸಿದ್ದೇ ಸಿನಿಮಾ, ಮುಗಿಯುವವರೆಗೆ ಯಾರೂ ಏಳುವಂತಿಲ್ಲ ಎಂದು ಇವರ ಮುಂದೆ ನಿಂತು ಸಾರಿದೆ. ಹುಡುಕಿ ಹುಡುಕಿ ಹೊಡೆದಾಟವೇ ಇಲ್ಲದ ಒಂದು ಹಳೆಯ ಸಂಸಾರದ ಕಥೆ ಆರಿಸಿದ್ದೆ. ಒಬ್ಬ ಗಂಡ, ಒಬ್ಬ ಹೆಂಡತಿ, ಪಕ್ಕದ ಮನೆಯ ಒಬ್ಬ ಅಧಿಕಪ್ರಸಂಗಿ ಮುದುಕಿ. ಲಾರಿ ಇಲ್ಲ, ಆನೆ ಇಲ್ಲ. ಇವರು ಅಭ್ಯಾಸಬಲದಿಂದ ಅಕ್ಕಿ ಹರಡಿದರು. ಕಾಳುಗಳು ಮಲಗಿದಲ್ಲೇ ಮಲಗಿದ್ದವು. ಸ್ವಲ್ಪ ಹೊತ್ತಿಗೆ ಇವರು ಮಿಸುಕಾಡಿ, "ಇದರಾಗ ಏನೂ ಇಲ್ಲಲ್ಲ" ಎಂದರು. ನಾನು ರಿಮೋಟಿನ ಮೇಲೆ ಕೈ ಇಟ್ಟು ಕಣ್ಣು ಕೆಕ್ಕರಿಸಿದೆ.

ಮುದುಕಿ ಹಿತ್ತಲ ಗೋಡೆಯ ಮೇಲಿಂದ ಇಣುಕಿ ಗಂಡಹೆಂಡಿರ ಜಗಳಕ್ಕೆ ತೀರ್ಪು ಹೇಳುವ ಒಂದು ದೃಶ್ಯ ಬಂತು. ಅವಳ ಮಾತಿಗೆ ನನಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. ಆದರೆ ನಾನು ನಕ್ಕ ಮೇಲೆ ನಕ್ಕರು. ಮುಂದಿನ ಮಾತಿಗೂ ಹಾಗೆಯೇ. ಓರೆಗಣ್ಣಿನಿಂದ ನೋಡಿದರೆ ಇವರ ದೃಷ್ಟಿ ಟಿವಿಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಎಲ್ಲಿ ನಗಬೇಕು ಎಂದು ನನ್ನನ್ನು ನೋಡಿ ತಿಳಿದುಕೊಳ್ಳುತ್ತಿದ್ದರು.

ನನಗೊಂದು ಅನುಮಾನ ಬಂತು. ನೀರು ಕುಡಿಯುವ ನೆಪದಲ್ಲಿ ಎದ್ದು ಇವರ ಬೆನ್ನ ಹಿಂದೆ ನಿಂತು, ದಿನಾ ಮಾತಾಡುವ ದನಿಯಲ್ಲೇ, "ಅಡಗಿಮನಿಗೆ ಬೆಂಕಿ ಹತ್ತೈತ್ರಿ" ಎಂದೆ.

"ಹೂಂ, ಆಮ್ಯಾಲೆ ಕುಡಿಯೂಣು" ಎಂದರು ಇವರು. ಚಹಾ ಕೇಳಿದೆ ಎಂದುಕೊಂಡಿದ್ದರು.

ಸಿನಿಮಾ ನಿಲ್ಲಿಸಿ ಇವರ ಎದುರಿಗೆ ಕೂತೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಮೊದಲು ಏನೂ ಇಲ್ಲ ಎಂದರು, ಆಮೇಲೆ ಕಿವಿಯಲ್ಲಿ ಗುಗ್ಗೆ ಇರಬೇಕು ಎಂದರು, ಆಮೇಲೆ ಪೆಟ್ಟಿಗೆಯ ಮೇಲಿನ ಅಕ್ಕಿಯನ್ನು ಅಂಗೈಯಿಂದ ಒಂದು ಕಡೆ ಒಟ್ಟುಮಾಡುತ್ತ ಕೂತರು.

"ಮಾತು ಕೇಳಸ್ತಾವ. ಏನಂದ್ರು ಅನ್ನೋದು ತಿಳಿಯಂಗಿಲ್ಲ. ಇದು ಧಂ ಅನ್ನೋದೊಂದು ನೋಡು, ನಿನಗ ಹೆಂಗ ಕೇಳಸ್ತೈತಿ, ನನಗೂ ಹಂಗ ಕೇಳಸ್ತೈತಿ. ಅದಕ್ಕ ಇದನ್ನ ತಂದೆ. ನಿನ್ನ ಬಾಜೂಕ ಕುಂತು ಅಷ್ಟರ ಕೇಳಾಕ ಬರ್ಲಿ ಅಂತ."

ನನಗೆ ಇವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಅದೇ ಹೊತ್ತಿಗೆ ಎರಡು ಬಾರಿಸಬೇಕು ಅಂತಲೂ ಅನ್ನಿಸಿತು. ಬಾಯಿ ಬಿಟ್ಟು ಹೇಳಲು ಏನಾಗಿತ್ತು? ನಾಳೆಯೇ ಕೊಪ್ಪಳಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸೋಣ ಎಂದೆ. ಅದು ಮಾತ್ರ ಇವರಿಗೆ ಸ್ಪಷ್ಟವಾಗಿ ಕೇಳಿಸಿತು. ಆಗುವುದಿಲ್ಲ ಎಂದರು.

ಯಾಕೆ ಆಗುವುದಿಲ್ಲ ಎಂಬುದನ್ನು ಬಿಡಿಸಿ ಬಿಡಿಸಿ ಕೇಳಿ ತಿಳಿಯಬೇಕಾಯಿತು. ಗಂಗಾವತಿಯ ಮಿಲ್ಲುಗಳಲ್ಲಿ ಇವರಿಗೊಂದು ಹೆಸರಿದೆ. ಯಾವ ಮಿಲ್ಲಿನಲ್ಲಾದರೂ ಮಶೀನು ಕೆಟ್ಟರೆ, ಗೇಟಿನ ಹೊರಗೆ ನಿಂತು ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಎಂದು ಹೇಳುವ ಮಿಸ್ತ್ರಿ ಎಂದು ಕರೆಸಿಕೊಳ್ಳುತ್ತಾರೆ. ಈಗ ಸದ್ದು ಕೇಳಿ ಹೇಳುವುದು ಆಗುತ್ತಿಲ್ಲ, ಮಶೀನಿನ ಮೇಲೆ ಕೈ ಇಟ್ಟು ನಡುಕದ ಮೇಲೆ ಹೇಳುತ್ತಾರೆ. ಅದು ಯಾರಿಗೂ ಗೊತ್ತಿಲ್ಲ. ಕಿವಿಗೆ ಮಶೀನು ಹಾಕಿಕೊಂಡು ಹೋದರೆ ಮಿಸ್ತ್ರಿ ಹೋಗಿ ಕೆಪ್ಪ ಆಗುತ್ತೇನೆ ಎಂಬುದು ಇವರ ಭಯ. ಮಿಲ್ಲಿನ ಗದ್ದಲದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಇಷ್ಟು ದಿನ ಮುಚ್ಚಿಟ್ಟುಕೊಳ್ಳಲು ಸಾಧ್ಯವಾಗಿತ್ತು. ಮುಚ್ಚಿಡಲಾಗದೆ ಹೋದದ್ದು ಮನೆಯಲ್ಲಿ, ಅಲ್ಲಿ ಬೈಗುಳ ತಿಂದುಕೊಂಡು ಹೂಂ ಅನ್ನುತ್ತಿದ್ದರು.

ನಾನು ಸಿಟ್ಟು ಮಾಡಿ ನೋಡಿದೆ, ಬೇಡಿ ನೋಡಿದೆ, ಮಗಳಿಂದ ಫೋನಿನಲ್ಲಿ ಹೇಳಿಸಿದೆ. ಮಗಳಿಗೂ ಹೂಂ. ಕೊನೆಗೆ, ಡಾಕ್ಟರ ಹತ್ತಿರ ಬರದಿದ್ದರೆ ಬೇಡ, ಆ ಸಿನಿಮಾವನ್ನಂತೂ ನಾನು ಬಿಡುವವಳಲ್ಲ ಎಂದು ಹಟ ಹಿಡಿದೆ. ಭಾನುವಾರ ಬಂದರೆ ಇವರ ಕಿವಿಯ ಪಕ್ಕ ಕೂತು, ಒಂದೊಂದು ಮಾತಿಗೂ ಸಿನಿಮಾ ನಿಲ್ಲಿಸಿ, ಪಾಠ ಓದುವ ದನಿಯಲ್ಲಿ ಹೇಳತೊಡಗಿದೆ. ಗಂಡನ ಮಾತೂ ನನ್ನದೇ, ಹೆಂಡತಿಯ ಮಾತೂ ನನ್ನದೇ, ಮುದುಕಿಯ ಶಾಪವೂ ನನ್ನದೇ. ಮನೆ ಹಾಳಾಗಲಿ ಎಂದು ಮುದುಕಿ ಶಪಿಸಿದ ಭಾನುವಾರ ಎದುರು ಮನೆಯಾಕೆ ಬಂದು, ಏನಾದರೂ ಹೆಚ್ಚುಕಡಿಮೆ ಆಗಿದೆಯೇ ಎಂದು ಮೆಲ್ಲಗೆ ವಿಚಾರಿಸಿ ಹೋದಳು. ಸೋಮವಾರ ಶಾಲೆಯಲ್ಲಿ ನನ್ನ ದನಿಯೇ ಏಳುತ್ತಿರಲಿಲ್ಲ. ಒಂದು ಸಿನಿಮಾ ತಿಂಗಳಾದರೂ ಮುಗಿಯಲಿಲ್ಲ. ಕೂಗಿ ಕೂಗಿ ಸಾಕಾಗಿ, ಇದಕ್ಕಿಂತ ಆ ಲಾರಿಯೇ ವಾಸಿಯಿತ್ತು ಎಂದು ನಾನೂ ಒಂದು ಸಲ ಅಂದುಕೊಂಡೆ. ಆದರೆ ಇವರು ಈಗ ನನ್ನ ಮುಖವನ್ನು ಬಿಟ್ಟು ಟಿವಿಯನ್ನು ನೋಡುತ್ತಿದ್ದರು. ಆ ಹೆಂಡತಿಯದು ಅತಿಯಾಯಿತು ಎಂದು ವಾದವನ್ನೂ ಮಾಡುತ್ತಿದ್ದರು.

ಅಂತೂ ಕೊನೆಯ ದೃಶ್ಯ ಬಂತು. ಮನೆ ಬಿಟ್ಟು ಹೊರಟ ಗಂಡ ಬಾಗಿಲ ಬಳಿ ನಿಂತಿದ್ದಾನೆ, ಹೆಂಡತಿ ಅವನ ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳುತ್ತಾಳೆ. ಇವರು ಮುಂದಕ್ಕೆ ಬಾಗಿ ನನ್ನ ಮೊಣಕೈ ಹಿಡಿದು, ಏನಂದಳು ಎಂದು ಕೇಳಿದರು. ಅವಳು ಏನಂದಳೋ, ನನಗೂ ಈಗ ನೆನಪಿಲ್ಲ. ನನಗೆ ಅವಳ ಮಾತು ಹೇಳಿ ಹೇಳಿ ಸಾಕಾಗಿತ್ತು.

"ನಾಳೆ ಕಿವಿ ಡಾಕ್ಟರ್ ಕಡೆ ಹೋಗೂಣು, ನಿಮ್ಮ ಜೋಡಿ ಮಾತಾಡದ ನನಗ ಇರಾಕ ಆಗವಲ್ದು ಅಂದ್ಲು" ಎಂದು ಗಟ್ಟಿಯಾಗಿ ಹೇಳಿದೆ.

ಇವರು ಟಿವಿಯ ಕಡೆ ನೋಡಿದರು. ಅಲ್ಲಿ ಆ ಗಂಡ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. ಈ ಸಲ ಇವರು ಹೂಂ ಎನ್ನಲಿಲ್ಲ. ಪರದೆಯ ಮೇಲೆ ಶುಭಂ ಬಂದು ಹೋಯಿತು.

"ಎಷ್ಟೊತ್ತಿಗೆ ಹೋಗೂಣು ಅಂದ್ಲು?" ಎಂದರು.