ನಡೆಯುವವರ ಹಿಂದಿನ ವ್ಯಾನು

ಬೆಳಕು ಹರಿಯುವ ಮುಂಚೆಯೇ ಬ್ರಿಸ್ಬೇನ್ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಕೆರೆದಂಡೆಯಲ್ಲಿ ಹೊನ್ನಪ್ಪ ತಮ್ಮ ವ್ಯಾನಿನ ಸುತ್ತ ತಿರುಗುತ್ತಿದ್ದಾರೆ. ಟೈರು ಒದ್ದು ನೋಡಿದ್ದಾಯಿತು, ನೀರಿನ ಕ್ಯಾನು ಅಲುಗಾಡಿಸಿದ್ದಾಯಿತು. ಸಾಲದೆಂದು ಮತ್ತೆ ಟೈರು ಒದೆಯುತ್ತಾರೆ. ಕೂತಲ್ಲಿ ಕೂರುವ ಜೀವವಲ್ಲ ಅದು. "ರಿಲ್ಯಾಕ್ಸ್ ಅಂಕಲ್" ಎನ್ನುತ್ತಾನೆ ಅಡಿಲೇಡ್‌ನಿಂದ ಬಂದಿರುವ ಕಾಲೇಜು ಹುಡುಗ ಅಮೋಘ. "ನಿಮಗೇನಪ್ಪ, ನಡೀತೀರ. ದಿನಪೂರ್ತಿ ಕೂತು ನೋಡೋದು ನಾನು ತಾನೆ" ಎಂಬ ಉತ್ತರ ಬರುತ್ತದೆ.

ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಯಾಣ ಹೊತ್ತಿ ಉರಿದಾಗ, ಬೆನ್ನಟ್ಟಿದ ಸೈನ್ಯದಿಂದ ತಪ್ಪಿಸಿಕೊಂಡು ಶರಣರು ವಚನದ ಗಂಟುಗಳನ್ನು ಹೊತ್ತು ಉಳವಿಯತ್ತ ನಡೆದರಲ್ಲ, ಅದರ ನೆನಪಿಗೆ ಬ್ರಿಸ್ಬೇನಿನ ಲಿಂಗಾಯತ ಮನೆಗಳ ಮಕ್ಕಳು ಜುಲೈ ತಿಂಗಳ ಒಂದು ಭಾನುವಾರ ಇಲ್ಲಿಂದ ಕ್ಯಾಲಮ್‌ವೇಲ್‌ನ ಸಭಾಂಗಣದವರೆಗೆ ನಡೆಯುತ್ತಾರೆ. ಹೆಗಲಿಗೊಂದು ಬಿಳಿ ಬಟ್ಟೆಯ ಗಂಟು, ಒಳಗೆ ತಾವೇ ನಕಲು ಮಾಡಿದ ವಚನಗಳು. ಗಂಟನ್ನು ನೆಲಕ್ಕಿಡುವಂತಿಲ್ಲ.

ಮೊದಲ ವರ್ಷದ ಕಥೆ ಕೇಳಬೇಕು! "ಸುಸ್ತಾಗುತ್ತೆ ಕಣೋ, ಹತ್ತು ಮರಿ" ಎಂದು ಅಮ್ಮಂದಿರು ಕಾರಿನಲ್ಲಿ ಹಿಂದೆಯೇ ಬಂದರು. ಮಧ್ಯಾಹ್ನದ ಹೊತ್ತಿಗೆ ಶರಣರೆಲ್ಲ ಕಾರಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಸೈನ್ಯ ಬಂದಿದ್ದರೆ ಅದಕ್ಕೂ ಒಂದೊಂದು ಡಬ್ಬಿ ಸಿಗುತ್ತಿತ್ತೇನೋ. ಆಮೇಲಿನಿಂದ ಹಿಂದೆ ಬರಲು ಒಂದೇ ಗಾಡಿಗೆ ಅಪ್ಪಣೆ, ಅದು ಹೊನ್ನಪ್ಪನವರದು.

ತಿಪಟೂರಿನ ಹೊನ್ನಪ್ಪ ಪರ್ತ್‌ಗೆ ಫಿಟ್ಟರ್ ಆಗಿ ಬಂದವರು. ಕೆಲಸ ಹೋದಾಗ ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿ ಲೋಡು ಹೊಡೆದರು. ಈಗ ಬ್ರಿಸ್ಬೇನಿನಲ್ಲಿ ಬಸ್ ಚಾಲಕ. ವಾರಕ್ಕೊಂದೇ ರಜೆ, ಅದನ್ನೂ ಈ ನಡಿಗೆಯ ದಾರಿ ನೋಡಿಬರಲು ಕಳೆಯುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿಲ್ಲ, ಸನ್ಮಾನದ ಶಾಲೂ ಇಲ್ಲ. "ಶಾಲು ಹೊದ್ಕೊಂಡು ಸ್ಟೇರಿಂಗ್ ತಿರುಗಿಸೋಕಾಗುತ್ತಾ?" ಎಂದು ನಗುತ್ತಾರೆ.

ಈ ಸಲ ಮಾತ್ರ ಆ ನಗುವಿನಲ್ಲಿ ಜೀವವಿಲ್ಲ. ಹೋದ ವರ್ಷ ಒಬ್ಬಳು ತಲೆಸುತ್ತಿ ಬಿದ್ದಿದ್ದಳು. ಅದಕ್ಕೆ ಸಮಿತಿಯ ಅಧ್ಯಕ್ಷ ಡಾಕ್ಟರ್ ವಸಂತಕುಮಾರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಈ ವರ್ಷ ಒಬ್ಬರು ವ್ಯಾನು ಹತ್ತಿದರೂ ನಡಿಗೆ ಇಲ್ಲಿಗೇ ಮುಗಿಯಿತು, ಮುಂದಿನ ವರ್ಷದಿಂದ ವೇಷ ಹಾಕಿ ವೇದಿಕೆಯ ಮೇಲೆ ನಾಟಕ. "ಸ್ಟೇಜ್ ಮೇಲೆ ಕಾಲು ನೋಯಲ್ಲ ಸಾರ್. ನೋಯದೆ ಇದ್ರೆ ಮಕ್ಕಳಿಗೆ ಏನು ಗೊತ್ತಾಗುತ್ತೆ?" ಎಂದು ಹೊನ್ನಪ್ಪ ವಾದಿಸಿ ಸೋತಿದ್ದಾರೆ. ಅವರ ಮಗಳು ಪೂರ್ವಿ ಇದೇ ಮೊದಲ ಸಲ ನಡೆಯುತ್ತಿದ್ದಾಳೆ.

ಮಧ್ಯಾಹ್ನ ದಾಟುತ್ತಲೇ ಅವಳು ಕುಂಟುವುದು ಗಾಜಿನಾಚೆ ಕಾಣುತ್ತದೆ. ಹೊನ್ನಪ್ಪ ರೇಡಿಯೋ ಹಾಕುತ್ತಾರೆ, ಆರಿಸುತ್ತಾರೆ. ಕಿಟಕಿ ಇಳಿಸುತ್ತಾರೆ, ಏರಿಸುತ್ತಾರೆ. ಕೊನೆಗೆ ಗಾಡಿ ನಿಲ್ಲಿಸಿ ಇಳಿದೇ ಬಿಡುತ್ತಾರೆ.

"ಶೂ ಬಿಚ್ಚಮ್ಮ."

"ನೋ ಅಪ್ಪಾ. ನಾನು ಹತ್ತಿದ್ರೆ ಇಟ್ಸ್ ಆಲ್ ಓವರ್."

ಕಾಲುಚೀಲ ಹಿಮ್ಮಡಿಯ ಬಳಿ ರಕ್ತದಿಂದ ಅಂಟಿಕೊಂಡಿದೆ. ವರ್ಷವಿಡೀ ಯಾರೂ ಹತ್ತಬಾರದೆಂದು ಹೇಳಿದ ಮನುಷ್ಯ ತಾನೇ ವ್ಯಾನಿನ ಬಾಗಿಲು ತೆರೆಯುತ್ತಾರೆ. "ಮುಗಿದ್ರೆ ಮುಗೀಲಿ ಕಣೇ. ಹತ್ತು" ಎನ್ನುತ್ತಾರೆ. ಪೂರ್ವಿ ಅಳುತ್ತಾಳೆ, ಆದರೆ ಗಂಟಿನೊಂದಿಗೆ ಹತ್ತಲು ಒಪ್ಪುವುದಿಲ್ಲ. ಅದನ್ನು ಅಮೋಘನ ಕೈಗೆ ತುರುಕುತ್ತಾಳೆ. ಅವನು ತನ್ನದರ ಜೊತೆಗೆ ಅದನ್ನೂ ಹೆಗಲಿಗೇರಿಸಿ ನಡೆಯುತ್ತಾನೆ.

ಕ್ಯಾಲಮ್‌ವೇಲ್‌ನಲ್ಲಿ ನಡೆಯುವವರಿಗಿಂತ ತುಸು ಮುಂದೆ ಬಂದು ನಿಂತ ವ್ಯಾನಿನಿಂದಿಳಿದ ಹುಡುಗಿಯನ್ನು ಕಂಡು ಡಾಕ್ಟರರ ಮುಖ ಗಂಟಿಕ್ಕುತ್ತದೆ. "ನಾನು ಹೇಳಿರ್ಲಿಲ್ವಾ ಹೊನ್ನಪ್ಪ?" ಎಲ್ಲದಕ್ಕೂ ಇಂಗ್ಲಿಷ್ ಬೆರೆಸಿಯೇ ಉತ್ತರಿಸುವ ಪೂರ್ವಿ ತಡವರಿಸುತ್ತ ಕನ್ನಡದಲ್ಲೇ ಹೇಳುತ್ತಾಳೆ: "ಅಂಕಲ್, ನಾನು ನಿಂತೆ. ಗಂಟು ನಿಲ್ಲಲಿಲ್ಲ." ತಿರುವಿನಲ್ಲಿ ಎರಡು ಗಂಟು ಹೊತ್ತ ಅಮೋಘ ಬರುತ್ತಿದ್ದಾನೆ.

ಡಾಕ್ಟರ್ ಆ ಎರಡು ಗಂಟುಗಳನ್ನು ನೋಡುತ್ತಾರೆ. ಆಮೇಲೆ ಮೊಣಕಾಲೂರಿ ಕೂತು ಪೂರ್ವಿಯ ಕಾಲಿಗೆ ತಾವೇ ಪಟ್ಟಿ ಕಟ್ಟುತ್ತಾರೆ. "ಮುಂದಿನ ವರ್ಷ ವ್ಯಾನಲ್ಲಿ ಬ್ಯಾಂಡೇಜ್ ಇಟ್ಕೊಳ್ಳಿ" ಎಂದಷ್ಟೇ ಹೇಳಿ ಏಳುತ್ತಾರೆ.

ಊಟದ ಸಾಲಿನಲ್ಲೂ ಹೊನ್ನಪ್ಪ ನಿಂತಲ್ಲಿ ನಿಲ್ಲುತ್ತಿಲ್ಲ. "ಕಲ್ಯಾಣ ಬಿಟ್ಟೋರೆಲ್ಲ ಉಳವಿ ಮುಟ್ಟಲಿಲ್ಲ, ಅಲ್ವಾ? ಎಷ್ಟೋ ಜನ ದಾರೀಲೇ ಉಳಿದ್ರು. ಅವರ ಗಂಟನ್ನ ಯಾರೋ ತಗೊಂಡ್ರು. ಇಷ್ಟು ವರ್ಷ ಗಾಡಿ ಓಡಿಸಿದ್ರೂ ನನಗೆ ಹೊಳೆದಿರ್ಲಿಲ್ಲ, ಮಗಳು ಹೇಳ್ಬೇಕಾಯ್ತು" ಎಂದು ಪಕ್ಕದಲ್ಲಿ ನಿಂತ ಸಮಿತಿಯವರೊಬ್ಬರಿಗೆ ಹೇಳುತ್ತಾರೆ. ಆಮೇಲೆ ಡಾಕ್ಟರರತ್ತ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ: "ಒಂದ್ಸಲ ನಾನೂ ಗಂಟು ಹೊರ್ಬೇಕು. ವ್ಯಾನ್ ಅವರು ಓಡಿಸ್ತಾರಾ, ನೀವೇ ಸ್ವಲ್ಪ ಕೇಳಿ ನೋಡಿ."