ಇಥಿಯೋಪಿಯಾಕ್ಕ ಮಾತಾಡ್ಸಾಕ

ನಮ್ಮ ಮನೆಯಲ್ಲಿ ಪ್ರವಾಸದ ಯೋಜನೆ ಹಾಕುವವರು ನನ್ನ ಗಂಡ, ಅದನ್ನು ಕೆಡಿಸುವವರು ನನ್ನ ಅತ್ತೆ. ನಡುವೆ ಚಹಾ ಮಾಡಿಕೊಡುತ್ತ, ಇಬ್ಬರ ಮಾತಿಗೂ ಒಂದಿಷ್ಟು ಎಣ್ಣೆ ಸುರಿಯುವವಳು ನಾನು. ಈ ವರ್ಷ ಸಂಕ್ರಮಣ ಕಳೆದ ಮೇಲೆ ಬಾಗಲಕೋಟೆಯ ನವನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಇಥಿಯೋಪಿಯಾದ ನಕಾಶೆಯೊಂದು ಬಂದು ಕೂತಿತು. ಅದರ ಒಂದು ಮೂಲೆಗೆ ಉಪ್ಪಿನಕಾಯಿಯ ಭರಣಿ, ಇನ್ನೊಂದು ಮೂಲೆಗೆ ಅತ್ತೆಯ ಕನ್ನಡಕದ ಡಬ್ಬಿ. ನಾವು ಕೆಲವು ದಿನ ಆ ನಕಾಶೆಯ ಅಂಚಿನಲ್ಲೇ ತಟ್ಟೆ ಇಟ್ಟುಕೊಂಡು ಉಂಡೆವು.

ನಾವು ಆ ದೇಶಕ್ಕೆ ಹೊಸಬರಲ್ಲ. ಬಹಳ ವರ್ಷಗಳ ಹಿಂದೆ ನನ್ನ ಗಂಡ ಅಲ್ಲಿಯ ದಕ್ಷಿಣ ಭಾಗದ ಸಣ್ಣ ಊರೊಂದರ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ದೇಶದ ಮಾಸ್ತರರು ಆಗ ಅಲ್ಲಿಗೆ ಹೋಗುವುದು ವಿಶೇಷವೇನಾಗಿರಲಿಲ್ಲ. ವಿಶೇಷವೆಂದರೆ ನನ್ನ ಅತ್ತೆ ಬಂದದ್ದು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹುಟ್ಟಿ, ಮತ್ತೊಂದು ಮಗ್ಗದ ಮನೆಗೇ ಸೊಸೆಯಾಗಿ ಬಂದ ಅತ್ತೆಗೆ ಹುನಗುಂದ ದಾಟಿದರೆ ದೂರದ ಪ್ರಯಾಣ. ಮಾವ ತೀರಿಕೊಂಡ ಮೇಲೆ ಅವರೊಬ್ಬರನ್ನೇ ಬಿಟ್ಟು ಹೋಗಲು ನಮಗೆ ಮನಸ್ಸಾಗಲಿಲ್ಲ. ಬರುತ್ತೀರಾ ಎಂದು ಅಳುಕುತ್ತಲೇ ಕೇಳಿದೆವು. "ಅಲ್ಲಿ ಜ್ವಾಳ ಸಿಗ್ತಾವೇನು?" ಎಂದಷ್ಟೇ ಕೇಳಿದರು. ಸಿಗುತ್ತದೆ ಎಂದ ಕೂಡಲೇ ಗಂಟು ಕಟ್ಟಿದರು.

ಈಗ ಮತ್ತೆ ಹೋಗಬೇಕೆಂದು ಹಟ ಹಿಡಿದವರೂ ಅವರೇ. ಕಾರಣ ಒಂದೇ. ಆ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೆಂಗಸನ್ನು ಅವರು ಇನ್ನೊಮ್ಮೆ ನೋಡಬೇಕಿತ್ತು. ಅತ್ತೆ ಅವರನ್ನು ಅಕ್ಕಾ ಎಂದು ಕರೆಯುತ್ತಿದ್ದರು. ಅದು ಪ್ರೀತಿಯಿಂದ ಕರೆಯುವ ಶಬ್ದವೆಂದು ತಿಳಿದ ಆ ಹೆಂಗಸು ತಿರುಗಿ ಅತ್ತೆಯನ್ನೂ ಅಕ್ಕಾ ಎಂದೇ ಕರೆಯತೊಡಗಿದರು. ಹೀಗಾಗಿ ಬೇಲಿಯ ಆಚೆಗೊಬ್ಬ ಅಕ್ಕ, ಈಚೆಗೊಬ್ಬ ಅಕ್ಕ.

ಟಿಕೆಟ್ ವಿಚಾರಿಸಲು ಹೋದಾಗ ಪ್ರವಾಸದ ಆಫೀಸಿನ ತರುಣ ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದ. "ಅಲ್ಲೇನೈತ್ರಿ ನೋಡಾಕ? ದುಬೈಗೆ ಹೋಗ್ರಿ, ಸಿಂಗಾಪುರಕ್ಕ ಹೋಗ್ರಿ. ಭಾಳ ಮಂದಿ ಹೊಂಟಾರ," ಎಂದ. ಅತ್ತೆ ಸೆರಗು ಸರಿಮಾಡಿಕೊಂಡು, "ನೋಡಾಕಲ್ಲೋ ತಮ್ಮಾ, ಭೆಟ್ಟಿ ಆಗಾಕ," ಎಂದರು. ಅವನು ಪಾಪ ಕಂಪ್ಯೂಟರಿನ ಕಡೆ ತಿರುಗಿದ.

ನನ್ನ ಗಂಡನದು ಬೇರೆಯೇ ಲೆಕ್ಕ. ಅಲ್ಲಿದ್ದಾಗ ರಜೆಯ ದಿನಗಳನ್ನೆಲ್ಲ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದರಲ್ಲೇ ಕಳೆದು, ದೇಶವನ್ನು ನೋಡಲೇ ಇಲ್ಲವೆಂಬ ಕೊರಗು ಅವರಿಗೆ. ಆದ್ದರಿಂದ ಮೊದಲು ರಾಜಧಾನಿ, ಆಮೇಲೆ ಉತ್ತರಕ್ಕೆ ಹಾರಿ ನೆಲದೊಳಗೆ ಇಳಿದು ಕೆತ್ತಿದ ಕೆಂಪು ಕಲ್ಲಿನ ಚರ್ಚುಗಳು, ಹಳೆಯ ರಾಜರ ಕೋಟೆ, ದೊಡ್ಡ ಸರೋವರ, ಕೊನೆಗೆ ದಕ್ಷಿಣದ ನಮ್ಮ ಊರು. ಊರಿನ ಮುಂದೆ ಸಣ್ಣ ಅಕ್ಷರದಲ್ಲಿ 'ಒಂದು ದಿನ' ಎಂದು ಬರೆದಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನೇ ಹುಡುಕಿ ಓದಿದರು.

"ಒಂದು ದಿನದಾಗ ಕಾಫಿನ ಮುಗಿಯಂಗಿಲ್ಲ," ಎಂದರು.

ನಾನೂ ಸುಮ್ಮನಿರಲಿಲ್ಲ. ನಾನು ಬಾದಾಮಿಯವಳು. ಮೇಣಬಸದಿಯ ಗುಹೆಗಳ ಮೆಟ್ಟಿಲ ಮೇಲೆ ಕೂತು ಶಾಲೆಯ ಮಗ್ಗಿ ಬಾಯಿಪಾಠ ಮಾಡಿದವಳು, ಅಲ್ಲಿಯ ಮಂಗಗಳಿಂದ ಬುತ್ತಿ ಕಳೆದುಕೊಂಡವಳು. "ಬಾದಾಮಿಯವಳನ್ನ ಕೆಂಪು ಕಲ್ಲು ತೋರಿಸಾಕ ಸಮುದ್ರ ದಾಟಿಸ್ತೀರೇನು?" ಎಂದೆ. ನನ್ನ ಗಂಡ ನಕಾಶೆಯ ಮೇಲೆ ಬಗ್ಗಿದರು. ಹೆಂಡತಿಯ ತವರಿನ ಬಗ್ಗೆ ಮಾತು ಬಂದಾಗ ಸುಮ್ಮನಿರುವುದನ್ನು ಅವರು ಬಹಳ ಮುಂಚೆಯೇ ಕಲಿತಿದ್ದಾರೆ.

ಆ ದಿನಗಳಲ್ಲಿ ನಕಾಶೆ ನೋಡಲು ಕೂತವರು ನಕಾಶೆ ಬಿಟ್ಟು ಹಳೆಯ ಮಾತಿಗೆ ಬೀಳುತ್ತಿದ್ದೆವು. ಆ ಊರಿನ ಸಂತೆಯಲ್ಲಿ ಬಿಳಿಜೋಳದ ರಾಶಿ ಕಂಡ ಮೊದಲ ದಿನ ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಳನ್ನು ಬಾಯಿಗೆ ಹಾಕಿ ಕಡಿದು ನೋಡಿ, "ನಮ್ದ ಐತಿ," ಎಂದು ತೀರ್ಪು ಕೊಟ್ಟಿದ್ದರು. ಮರುದಿನ ಹಿತ್ತಲಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಬೇಲಿಯ ಆಚೆಯಿಂದ ಒಂದು ತಲೆ ಇಣುಕಿತು. ಬಿಳಿ ಹತ್ತಿಯ ಹೊದಿಕೆ, ಕೈಯಲ್ಲಿ ನೂಲುವ ಕದಿರು. ಅತ್ತೆ ಬಿಸಿ ರೊಟ್ಟಿ ಎತ್ತಿ ಬೇಲಿಯ ಮೇಲಿಂದ ಕೊಟ್ಟರು. ಆ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಿಂದು, ಕದಿರನ್ನು ಬೇಲಿಗೆ ಸಿಕ್ಕಿಸಿ ಒಳಗೇ ಬಂದುಬಿಟ್ಟರು. ಹಾಗೆ ಬಂದವರು ನಾವು ಆ ಊರು ಬಿಡುವವರೆಗೂ ದಿನವೂ ಬಂದರು.

ಮಾಂಸ ಮುಟ್ಟದ ಅತ್ತೆ ಅವರ ಮನೆಯಲ್ಲಿ ಉಣ್ಣುವುದು ಹೇಗೆಂದು ನನಗೆ ಚಿಂತೆಯಿತ್ತು. ಆದರೆ ಅಲ್ಲಿಯವರಿಗೆ ಬುಧವಾರ, ಶುಕ್ರವಾರ ಉಪವಾಸ. ಉಪವಾಸವೆಂದರೆ ಏನೂ ತಿನ್ನದಿರುವುದಲ್ಲ. ಹೊತ್ತು ಏರುವವರೆಗೆ ಕಾದು, ಆಮೇಲೆ ಮಾಂಸ, ಹಾಲು, ತುಪ್ಪ ಯಾವುದೂ ಇಲ್ಲದ ಊಟ. ಇದು ಗೊತ್ತಾದದ್ದೇ ತಡ, ಅತ್ತೆ ಆ ಎರಡು ದಿನಗಳನ್ನು ಹಬ್ಬದಂತೆ ಕಾಯುತ್ತಿದ್ದರು. ಅಗಲವಾದ ಹುಳಿ ದೋಸೆಯ ಮೇಲೆ ಕಡಲೆಹಿಟ್ಟಿನ ಪಲ್ಯ ಬಡಿಸುತ್ತಿದ್ದರು. "ಇದು ನಮ್ಮ ಝುಣಕಾನ, ಹೆಸರು ಬ್ಯಾರೆ," ಎಂದು ಅತ್ತೆ ಅದನ್ನು ನಮ್ಮ ಅಡುಗೆಯ ಲೆಕ್ಕಕ್ಕೆ ಸೇರಿಸಿಬಿಟ್ಟರು. ಅಲ್ಲಿ ಪ್ರೀತಿಪಾತ್ರರಿಗೆ ತುತ್ತು ಮಾಡಿ ಬಾಯಿಗೇ ಇಡುವ ಪದ್ಧತಿ. ಮಗನಿಂದಲೂ ಎಂದೂ ತುತ್ತು ತಿನ್ನಿಸಿಕೊಳ್ಳದ ನನ್ನ ಅತ್ತೆ ಬಾಯಿ ತೆರೆದು ಕೂಸಿನ ಹಾಗೆ ಕೂತಿರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಊಟವಾದ ಮೇಲೆ ಕಾಫಿ. ನೆಲದ ಮೇಲೆ ಹಸಿ ಹುಲ್ಲು ಹರಡಿ, ಹಸಿ ಬೀಜವನ್ನು ನಮ್ಮೆದುರೇ ಹುರಿದು, ಕುಟ್ಟಿ, ಕುದಿಸಿ, ಮೂರು ಸುತ್ತು ಕೊಡುತ್ತಿದ್ದರು. ಒಂದೇ ಸುತ್ತಿಗೆ ಎದ್ದರೆ ಮರ್ಯಾದೆಯಲ್ಲ. ಅಷ್ಟು ಹೊತ್ತು ಇಬ್ಬರೂ ಏನು ಮಾತಾಡುತ್ತಿದ್ದರೋ. ಅವರು ಅಮ್ಹಾರಿಕ್, ಇವರು ಅಪ್ಪಟ ಇಳಕಲ್ಲಿನ ಕನ್ನಡ. ಒಬ್ಬರು ನೂಲುತ್ತಿದ್ದರು, ಇನ್ನೊಬ್ಬರು ಆ ನೂಲನ್ನು ಬೆರಳಲ್ಲಿ ಹೊಸೆದು, ದಪ್ಪವಾಯಿತೆಂದೋ ಸಣ್ಣಗಿದೆಯೆಂದೋ ತಲೆಯಾಡಿಸುತ್ತಿದ್ದರು. ಗಂಡ ಸತ್ತ ಹೊಸತರಲ್ಲಿ ಇಳಕಲ್ಲಿನಲ್ಲಿ ಮಾತೇ ಬಿಟ್ಟಿದ್ದ ಅತ್ತೆಗೆ ಮತ್ತೆ ಬಾಯಿ ಬಂದದ್ದು ಆ ಕಾಫಿಯ ಮುಂದೆ. ಆ ಹೆಂಗಸಿನ ಋಣ ನನ್ನ ಮೇಲೂ ಇದೆ ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

ವಾಪಸು ಬಂದ ಮೇಲೆ ಸಂಪರ್ಕ ನಿಧಾನವಾಗಿ ಕಡಿಯಿತು. ಆ ಮನೆಯಲ್ಲಿ ಫೋನಿರಲಿಲ್ಲ. ಈಗ ಪ್ರವಾಸದ ನೆಪದಲ್ಲಿ ನನ್ನ ಗಂಡ ಫೇಸ್‌ಬುಕ್ಕಿನಲ್ಲಿ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಹುಡುಕಿದರು. ಅವನು ಈಗ ಅದೇ ಕಾಲೇಜಿನಲ್ಲಿ ಮಾಸ್ತರ. ಆ ಓಣಿಗೆ ಹೋಗಿ ನೋಡುತ್ತೇನೆ ಎಂದ. ಮುಂದಿನ ಭಾನುವಾರ ಅವನೇ ಅಕ್ಕನ ಮಗಳ ಮನೆಯಿಂದ ವೀಡಿಯೋ ಕಾಲ್ ಮಾಡಿದ. ಅತ್ತೆ ಅದಕ್ಕೆಂದೇ ತಲೆ ಬಾಚಿ, ಕೆಂಪು ಸೆರಗಿನ ಸೀರೆಯುಟ್ಟು ಕೂತಿದ್ದರು.

ಪರದೆಯ ಮೇಲೆ ಮಗಳು ಕಂಡಳು. ನಾವು ನೋಡಿದಾಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು. ಅವಳ ಹಿಂದಿನ ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು, ಅದರ ಮುಂದೆ ಮೇಣದ ಬತ್ತಿ. ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅಕ್ಕ ಹೋದ ವರ್ಷವೇ ತೀರಿಕೊಂಡಿದ್ದರು. ಅತ್ತೆ ಬಹಳ ಹೊತ್ತು ಆ ಫೋಟೋ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬಂದ್ ಮಾಡವ್ವಾ. ಫೋನಿನ್ಯಾಗ ಅಳಾಕ ಬರಂಗಿಲ್ಲ," ಎಂದು ಎದ್ದು ಹೋದರು.

ಅವತ್ತು ಸಂಜೆ ನನ್ನ ಗಂಡ ನಕಾಶೆಯನ್ನು ಸದ್ದಿಲ್ಲದೆ ಮಡಚಿಟ್ಟರು. ಇನ್ನು ಹೋಗುವ ಪ್ರಶ್ನೆಯೇ ಇಲ್ಲವೆಂದು ನಾನೂ ತಿಳಿದೆ. ಮರುದಿನ ಬೆಳಿಗ್ಗೆ ಅತ್ತೆ ಮೇಜಿನ ಹತ್ತಿರ ಬಂದು ಬರಿದಾದ ಜಾಗ ನೋಡಿದರು.

"ಕಾಗದ ಎಲ್ಲಿ?"

"ಇನ್ನ ಯಾಕ ಹೋಗೂದವ್ವಾ? ಅವರ ಇಲ್ಲಲ್ಲ," ಎಂದರು ಮಗ.

"ಅದಕ್ಕ ಹೋಗಬೇಕು. ಇಷ್ಟು ದಿನ ನೋಡೂ ಆಸೇಕ ಹೊಂಟಿದ್ದೆ. ಈಗ ಮಾತಾಡ್ಸಾಕ ಹೋಗಬೇಕು."

ನಮ್ಮ ಕಡೆ ಸತ್ತವರ ಮನೆಗೆ ಹೋಗಿ ಬಳಗದವರ ಜೊತೆ ಕೂತು ಅತ್ತು ಬರುವುದಕ್ಕೆ ಮಾತಾಡಿಸುವುದು ಎನ್ನುತ್ತಾರೆ. ಮದುವೆಗೆ ಹೋಗದಿದ್ದರೆ ನಡೆದೀತು, ಮಾತಾಡಿಸಲು ಹೋಗದಿದ್ದರೆ ನಡೆಯದು. ಅದಕ್ಕೊಂದು ಕಟ್ಟಳೆಯೂ ಇದೆ. ಆ ಮನೆಯಿಂದ ಎದ್ದವರು ದಾರಿಯಲ್ಲಿ ಯಾರ ಮನೆಗೂ ಹೋಗದೆ ನೇರ ತಮ್ಮ ಮನೆಗೆ ಬಂದು ಸ್ನಾನ ಮಾಡಬೇಕು. ನಾನಿದನ್ನು ಕಲಿತದ್ದು ಹೊಸ ಸೊಸೆಯಾಗಿದ್ದಾಗ, ಬೈಸಿಕೊಂಡು. ಬಾಗಲಕೋಟೆಯಲ್ಲಿ ನನ್ನ ಗಂಡನಿಗೆ ಆಗಷ್ಟೇ ನೌಕರಿಯಾಗಿತ್ತು. ಹುನಗುಂದದಲ್ಲಿ ಮಾವನ ಕಡೆಯವರೊಬ್ಬರು ತೀರಿಕೊಂಡಾಗ ಮಾತಾಡಿಸಿ ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ ಅಂಗಡಿಯಲ್ಲಿ ಕರದಂಟು ಕಂಡು ನಾನು ಇಳಿಯಲು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿ, "ಸತ್ತವರ ಮನಿಯಿಂದ ಬರಾಕತ್ತೀವಿ, ಸ್ವೀಟ್ ಕಟ್ಟಿಸ್ಕೊಂಡು ಹೋಗ್ತೀಯೇನು?" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ್ದರು. ಇವತ್ತಿಗೂ ಅಮೀನಗಡ ಬಂದರೆ ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ.

ಈಗ ಅದೇ ಕಟ್ಟಳೆ ಇಥಿಯೋಪಿಯಾಕ್ಕೂ ಬಂತು. ನನ್ನ ಗಂಡ ಇದ್ದಬದ್ದ ಜಾಣತನ ಉಪಯೋಗಿಸಿದರು. ಊರು ಹೇಗೂ ಕೊನೆಗೇ ಇದೆ, ಚರ್ಚು, ಕೋಟೆ ಎಲ್ಲ ಮೊದಲೇ ನೋಡಿ ಮುಗಿಸೋಣ ಎಂದರು. ಅತ್ತೆ ಮಗನನ್ನೇ ದಿಟ್ಟಿಸಿದರು. "ನಿಮ್ಮಪ್ಪ ಸತ್ತಾಗ ಮಾತಾಡ್ಸಾಕ ಬಂದವರು ಪಟ್ಟದಕಲ್ಲು ನೋಡ್ಕೊಂಡು ಬಂದಿದ್ರ ನಿನಗ ಹೆಂಗ ಆಗ್ತಿತ್ತು?" ಅಲ್ಲಿಗೆ ಉತ್ತರ ದಿಕ್ಕಿನ ಊರುಗಳೆಲ್ಲ ನಕಾಶೆಯಿಂದ ಬಿದ್ದುಹೋದವು.

ಆದರೆ ನನ್ನ ಗಂಡನ ಮನಸ್ಸಿನಲ್ಲಿ ಇನ್ನೊಂದು ಅನುಮಾನವಿತ್ತು, ಅದನ್ನು ನನ್ನೆದುರು ಮಾತ್ರ ಹೇಳಿದರು. ಸತ್ತು ವರ್ಷವಾದ ಮೇಲೆ, ಎಲ್ಲ ಮರೆತು ತಮ್ಮ ಕೆಲಸದಲ್ಲಿ ತೊಡಗಿರುವವರ ಮನೆಗೆ ಹೋಗಿ ಅವ್ವ ದನಿ ತೆಗೆದು ಅತ್ತರೆ ಅವರು ಏನೆಂದುಕೊಂಡಾರು? ಮಂಡಿನೋವಿನ ಮುದುಕಿಯನ್ನು ಅಷ್ಟು ದೂರ ಕರೆದೊಯ್ದು ಅವಮಾನ ಮಾಡಿಸಿದಂತಾಗಬಾರದು. ನನಗೂ ಅದು ಖರೆ ಅನ್ನಿಸಿತು. ನಾನೇ ಧೈರ್ಯ ಮಾಡಿ ಆ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಇಂಗ್ಲಿಷ್ ಬರುತ್ತದೆ. ನಮ್ಮ ಅತ್ತೆ ಈಗ ಬಂದರೆ ನಿಮಗೆ ಕಷ್ಟವಾಗುತ್ತದೆಯೇ ಎಂದು ಸುತ್ತುಬಳಸಿ ಕೇಳಿದೆ.

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ದೂರದಲ್ಲಿದ್ದವರು ಯಾವಾಗ ಬಂದರೂ ಮನೆಗೆ ಬಂದು ಒಮ್ಮೆ ಅತ್ತು ಹೋಗಬೇಕು, ಅದು ಅಲ್ಲಿಯ ರೀತಿ. ಅವರು ಬಂದಾಗ ಮನೆಯವರೂ ಮತ್ತೆ ಹೊಸದಾಗಿ ಅಳುತ್ತಾರೆ. ಅವಳ ಅಣ್ಣ ರಾಜಧಾನಿಯಿಂದ ಬಂದ, ಚಿಕ್ಕಮ್ಮ ಗಡಿಯಾಚೆಯಿಂದ ಬಂದರು. "ಎಲ್ಲರೂ ಬಂದು ಹೋದರು," ಎಂದಳು. "ನಿಮ್ಮ ಅಮ್ಮ ಒಬ್ಬರು ಬರುವುದು ಉಳಿದಿದೆ."

ಇದನ್ನು ಅತ್ತೆಗೆ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತ?" ಎಂದರು. ಬೇರೆ ಹೇಗಿರಲು ಸಾಧ್ಯ ಎಂಬಂತೆ. ನನ್ನ ಗಂಡ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೊಸ ಹಾಳೆ ತೆಗೆದು ಬರೆದರು. ಬಾಗಲಕೋಟೆ, ಮುಂಬಯಿ, ಅಲ್ಲಿಯ ರಾಜಧಾನಿ, ಅಕ್ಕನ ಮನೆ. ಅದರ ಕೆಳಗೆ ಮನೆ ಎಂದಷ್ಟೇ ಬರೆದು ಪೆನ್ನು ಮುಚ್ಚಿದರು. ಇಷ್ಟು ವರ್ಷಗಳಲ್ಲಿ ಅವರು ಹಾಕಿದ ಯೋಜನೆಗಳಲ್ಲಿ ಅತ್ತೆ ಕೆಡಿಸದೆ ಬಿಟ್ಟದ್ದು ಇದೊಂದೇ.

ಟಿಕೆಟ್ ಆಗಿ ಎರಡು ವಾರವಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಬುತ್ತಿಗೆಂದು ಜೋಳ ಹಸನು ಮಾಡುತ್ತಿದ್ದರು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು, ಅಲ್ಲಿಯವರಿಗೆ ಉಣ್ಣಲು ರೊಟ್ಟಿ ಒಯ್ಯಬೇಕು. ವಿಮಾನದಲ್ಲಿ ಒಯ್ಯಲು ಕಟಕಟ ಒಣಗಿದ ರೊಟ್ಟಿಯೇ ಸರಿ ಎಂದು ನಾವಿಬ್ಬರೂ ನಿಶ್ಚಯಿಸಿದ್ದೆವು. ಮೊರದಿಂದ ತಲೆ ಎತ್ತದೆಯೇ ಅವರು ಕೇಳಿದರು:

"ಆ ಊರು ಬಿಟ್ಟು ಬರೂ ದಿನ ನಾ ಅಕ್ಕಗ ಏನಂದಿದ್ದೆ, ನೆನಪೈತೇನು ನಿನಗ?"

ನೆನಪಿತ್ತು. ಜೀಪು ಬಂದು ನಿಂತಿತ್ತು, ಇಬ್ಬರೂ ಬೇಲಿಯ ಹತ್ತಿರ ಕೈ ಹಿಡಿದುಕೊಂಡು ನಿಂತಿದ್ದರು. "ಹೋಗಿ ಬರ್ತೇನಿ ಅಕ್ಕಾ ಅಂದಿದ್ರಿ," ಎಂದೆ.

"ಹೂಂ. ಬರ್ತೇನಿ ಅಂತ ಅಂದು ಇಷ್ಟು ವರ್ಷ ಹೋಗಲಿಲ್ಲ. ಈಗ ಹೋಗ್ತೇನಿ. ಆದ್ರ ಈ ಸಲ ಬಿಡೂ ಮುಂದ ಹಂಗ ಅನ್ನಾಕ ಬರಂಗಿಲ್ಲ ನೋಡು."

ಹೌದು. ಯಾವ ಮನೆಯಿಂದ ಹೊರಡುವಾಗಲೂ ನಾವು ಹೋಗಿ ಬರುತ್ತೇವೆ ಎನ್ನುತ್ತೇವೆ. ಮಾತಾಡಿಸಲು ಹೋದ ಮನೆಯಲ್ಲಿ ಮಾತ್ರ ಆ ಮಾತು ಆಡುವಂತಿಲ್ಲ. ಹೇಳದೆ ಕೇಳದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ನಡೆದುಬಿಡಬೇಕು.

"ಸುಮ್ನ ಎದ್ದು ಬರಬೇಕು," ಎಂದರು ಅತ್ತೆ, ಮತ್ತೆ ಜೋಳದ ಕಡೆ ಬಗ್ಗಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ. ಅದನ್ನು ಅವರು ಅಲ್ಲಿಗೆಂದು ಇಟ್ಟುಕೊಂಡಿದ್ದರು.